ಆಮೆಪಟ್ಟಣದ ಮಂತ್ರಿ

ಬಸ್ಸುಗಳಲ್ಲಿ ಜನ ಮರೆತು ಹೋದ ಛತ್ರಿಗಳೆಲ್ಲ ಕೊನೆಗೆ ನೋಡೋಣಪ್ಪನ ಬಳಿಗೆ ಬಂದು ಸೇರುತ್ತಿದ್ದವು. ಛತ್ರಿಗಳು ಮಾತ್ರವಲ್ಲ, ಊಟದ ಡಬ್ಬಿಗಳು, ಕನ್ನಡಕಗಳು, ಒಂಟಿ ಚಪ್ಪಲಿಗಳು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ. ಬಸ್ ಡಿಪೋದ ಹಿಂಬದಿಯ ಕೋಣೆಯಲ್ಲಿ 'ಕಳೆದುಹೋದ ವಸ್ತುಗಳು' ಎಂಬ ಹಲಗೆಯ ಕೆಳಗೆ ಕುಳಿತು, ಹುಡುಕಿಕೊಂಡು ಬಂದವರಿಗೆ ಅವರವರ ಸಾಮಾನು ಕೊಡುವುದು ಅವನ ಕೆಲಸ. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದೂ ಅವನ ಕೆಲಸವೇ, ತೊಂದರೆ ಇದ್ದದ್ದು ಅಲ್ಲೇ. ಕಪ್ಪು ಛತ್ರಿ ತನ್ನದು ಎಂದು ಯಾರಾದರೂ ಬಂದರೆ ಕಪ್ಪು ಛತ್ರಿಗಳ ಸಾಲನ್ನು ಒಮ್ಮೆ, ಬಂದವರ ಮುಖವನ್ನು ಒಮ್ಮೆ, ಕಿಟಕಿಯಾಚೆಯ ಆಕಾಶವನ್ನು ಒಮ್ಮೆ ದಿಟ್ಟಿಸಿ, "ನೋಡೋಣ" ಎನ್ನುತ್ತಿದ್ದ. ಅವನು ನೋಡಿ ಮುಗಿಸುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಂದಿರುತ್ತಿತ್ತು.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಒಂದಕ್ಕೆ ಹೌದು ಎಂದರೆ ಇನ್ನೊಂದಕ್ಕೆ ನೋವಾದೀತೆಂಬ ಅಂಜಿಕೆ, ಅಷ್ಟೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರು ಜಾಣರು. ನೋಡೋಣಪ್ಪ ಕೋಲನ್ನು ಹಿಡಿಯದೆ, ಹಾವಿನ ಹೊಳಪನ್ನು ನೋಡುತ್ತಾ ನಿಲ್ಲುವ ಪೈಕಿ.

ಜೀವನದಲ್ಲಿ ಅವನು ತಡಮಾಡದೆ ತೀರ್ಮಾನ ತೆಗೆದುಕೊಂಡದ್ದು ಒಂದೇ ಸಲ. ಮದುವೆಯಾದ ಹೊಸತರಲ್ಲಿ ಅತ್ತೆ ರೈಲಿನಲ್ಲಿ ಬರುವವರಿದ್ದರು. "ಬೇಗ ಗುರುತು ಹಿಡಿದು ಕರ್ಕೊಂಡು ಬನ್ನಿ, ನೋಡೋಣ ಅಂತ ನಿಂತ್ಕೋಬೇಡಿ" ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಮದುವೆಯ ಗದ್ದಲದಲ್ಲಿ ಹಿರಿಯ ಹೆಂಗಸರ ಮುಖಗಳೆಲ್ಲ ಅವನಿಗೆ ಒಂದೇ ಥರ ಕಂಡಿದ್ದವು. ಸ್ಟೇಷನ್ನಿನಲ್ಲಿ ಬಿಳಿ ಕೂದಲಿನ ಒಬ್ಬರು ಇಳಿದ ಕೂಡಲೇ ಅವರ ಕೈಚೀಲ ಕಸಿದುಕೊಂಡವನಂತೆ ಹಿಡಿದು, ಆಟೋ ಹತ್ತಿಸಿ, ಮನೆಗೆ ತಂದು ಕೂರಿಸಿ, ಊಟಕ್ಕೂ ಬಡಿಸಿದ. ಆಕೆಗೆ ಕಿವಿ ಮಂದ. ತನ್ನ ತಮ್ಮನ ಮಗನೇ ಕಳಿಸಿರಬೇಕೆಂದು ಹೊಟ್ಟೆ ತುಂಬ ಉಂಡರು. ನಿಜವಾದ ಅತ್ತೆ ವಿಳಾಸ ಕೇಳಿಕೊಂಡು ಬೆವರು ಒರೆಸುತ್ತಾ ಬಾಗಿಲಿಗೆ ಬಂದಾಗ, ತಮ್ಮ ಜಾಗದಲ್ಲಿ ಇನ್ನೊಬ್ಬರು ಕುಳಿತು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಹೆಂಡತಿ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅಳಿಯ ಬಾಗಿಲಲ್ಲಿ ನಿಂತವರನ್ನು ನೋಡಿ, ಯಾರು ಬೇಕಿತ್ತು ಎಂದು ವಿನಯದಿಂದ ಕೇಳಿದ.

ಅಂದಿನಿಂದ ಅತ್ತೆ ಅಳಿಯನೊಡನೆ ನೇರ ಮಾತು ಬಿಟ್ಟರು. ಮಾವ ತೀರಿಕೊಂಡ ಮೇಲೆ ಮಗಳ ಮನೆಗೇ ಬಂದು ನೆಲೆಸಿದರೂ ಈ ಪದ್ಧತಿ ಬದಲಾಗಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ನಿನ್ನ ಗಂಡನಿಗೆ ಹೇಳು, ಎನ್ನುವರು. ಸರಿಮಾಡಿಸ್ತೀನಿ ಅಂತ ನಿಮ್ಮಮ್ಮನಿಗೆ ಹೇಳು, ಎನ್ನುವನು. ಇಬ್ಬರೂ ಒಂದೇ ಮೇಜಿನಲ್ಲಿ ಎದುರುಬದುರು ಕುಳಿತಿರುತ್ತಿದ್ದರು. ನಡುವೆ ಕುಳಿತ ಹೆಂಡತಿ ಉಪ್ಪಿನ ಡಬ್ಬಿಯನ್ನೂ ಉಪ್ಪು ಬೇಕೆಂಬ ಮಾತನ್ನೂ ಅತ್ತಿಂದಿತ್ತ ಸಾಗಿಸುತ್ತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಸಂಜೆಯವರೆಗೆ ಮನೆಯಲ್ಲಿರುತ್ತಿರಲಿಲ್ಲ. ನೋಡೋಣಪ್ಪನಿಗೆ ಮುಂಜಾನೆಯ ಪಾಳಿ, ಮಧ್ಯಾಹ್ನಕ್ಕೆ ಮನೆ. ಹೀಗಾಗಿ ಮಧ್ಯಾಹ್ನಗಳಲ್ಲಿ ಆ ಮನೆ ನೀರೊಳಗಿನ ಮನೆಯಷ್ಟು ಸದ್ದಿಲ್ಲದೆ ಇರುತ್ತಿತ್ತು. ಫ್ಯಾನು ತಿರುಗುತ್ತಿತ್ತು, ಪರದೆ ಉಬ್ಬಿ ಇಳಿಯುತ್ತಿತ್ತು, ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ಜು ತನ್ನಷ್ಟಕ್ಕೆ ಗುಂಯ್‌ಗುಡುತ್ತಿತ್ತು.

ಇಂಥ ಮನೆಯೊಳಗೆ ಒಂದು ಸಾಮ್ರಾಜ್ಯ ಬಂದು ಸೇರಿತು. ಡಿಪೋದಲ್ಲಿ ಟಿಕೆಟ್ ಮೆಷಿನ್ ರಿಪೇರಿ ಮಾಡುವವನು ನೋಡೋಣಪ್ಪನ ಫೋನಿಗೆ ಒಂದು ಆಟ ಹಾಕಿಕೊಟ್ಟ. ಇದನ್ನು ಆಡಿದರೆ ತೀರ್ಮಾನ ತೆಗೆದುಕೊಳ್ಳುವುದು ತಾನಾಗಿ ಬರುತ್ತದೆ ಎಂದು ಭರವಸೆಯನ್ನೂ ಕೊಟ್ಟ. ಆಟದಲ್ಲಿ ನೋಡೋಣಪ್ಪ ರಾಜ. ಅವನ ರಾಜಧಾನಿ ಆಮೆಪಟ್ಟಣ. ಬೆಟ್ಟದಷ್ಟು ದೊಡ್ಡ ಆಮೆಯೊಂದು ಮಂಜಿನ ಸಮುದ್ರದಲ್ಲಿ ನಿದ್ದೆಮಾಡುತ್ತಾ ತೇಲುತ್ತದೆ, ಅದರ ಬೆನ್ನ ಮೇಲೆ ಪಟ್ಟಣ. ಆಮೆ ಉಸಿರೆಳೆದುಕೊಂಡಾಗ ಬೀದಿಗಳೆಲ್ಲ ಮೆಲ್ಲಗೆ ಮೇಲೇಳುತ್ತವೆ, ಬಿಟ್ಟಾಗ ಮೆಲ್ಲಗೆ ಇಳಿಯುತ್ತವೆ. ಜನ ಬೆಳದಿಂಗಳನ್ನು ಗಡಿಗೆಯಲ್ಲಿ ತುಂಬಿಟ್ಟುಕೊಂಡು ದೀಪಕ್ಕೆ ಬಳಸುತ್ತಾರೆ. ಆಕಾಶದಲ್ಲಿ ಹರಿಯುವ ನದಿಯ ದಡದಲ್ಲಿ ಮುಗಿಲು ಕುದುರೆಗಳು ಮೇಯುತ್ತವೆ. ಮೊದಲ ದಿನ ನೋಡೋಣಪ್ಪ ಏನನ್ನೂ ಒತ್ತದೆ, ಆ ಕುದುರೆಗಳು ಮೇಯುವುದನ್ನೇ ಕಾಫಿ ಆರುವವರೆಗೂ ನೋಡಿದ.

ಆದರೆ ರಾಜನೆಂದ ಮೇಲೆ ಸುಮ್ಮನೆ ಕೂರಲಾದೀತೆ? ಒಂದು ಕಡೆ ಆಸ್ಥಾನ. ಅಲ್ಲಿ ಪ್ರಜೆಗಳು ಅಹವಾಲು ತರುತ್ತಾರೆ, ಪ್ರತಿಯೊಂದಕ್ಕೂ ಒಪ್ಪಿಗೆ, ನಿರಾಕರಣೆ, ಮುಂದೂಡಿಕೆ ಎಂದು ಮೂರು ಗುಂಡಿಗಳಿರುತ್ತವೆ. ಇನ್ನೊಂದು ಕಡೆ ಯುದ್ಧಭೂಮಿ. ಉಪ್ಪಿನ ಕಣಿವೆಯ ದೈತ್ಯರು ಬಂದಾಗ ಸೈನ್ಯವನ್ನು ಬೆರಳಿನಿಂದಲೇ ನಡೆಸಬೇಕು. ಆಸ್ಥಾನ ನಡೆಯುತ್ತಿದೆಯೆಂದು ಯುದ್ಧ ನಿಲ್ಲುವುದಿಲ್ಲ, ಯುದ್ಧ ನಡೆಯುತ್ತಿದೆಯೆಂದು ಆಸ್ಥಾನ ಕಾಯುವುದಿಲ್ಲ. ಇದು ಆ ಆಟದ ಕಿತಾಪತಿ.

ಯುದ್ಧ ಅವನಿಗೆ ಒಲಿಯಿತು. ಯೋಚನೆಗೆ ಸಮಯವೇ ಇಲ್ಲದ ಜಾಗದಲ್ಲಿ ಅವನ ಬೆರಳುಗಳು ತಾವಾಗಿ ಓಡಾಡಿದವು. ಆಸ್ಥಾನದಲ್ಲಿ ಮಾತ್ರ ಹಳೆಯ ರೋಗ ಮರುಕಳಿಸಿತು. ಮೂರು ಗುಂಡಿಗಳಲ್ಲಿ ಅವನಿಗೆ ಇಷ್ಟವಾದದ್ದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಮುಂದೂಡಿದ ಅಹವಾಲಿನವರು ಮನೆಗೆ ಹೋಗುತ್ತಿರಲಿಲ್ಲ, ಆಸ್ಥಾನದಲ್ಲೇ ಬೀಡುಬಿಡುತ್ತಿದ್ದರು. ಕೆಲವೇ ದಿನಗಳಲ್ಲಿ ಅಲ್ಲಿ ಒಲೆಗಳು ಹತ್ತಿಕೊಂಡವು, ಕಂಬದಿಂದ ಕಂಬಕ್ಕೆ ಬಟ್ಟೆ ಒಣಹಾಕಲಾಯಿತು, ಸಿಂಹಾಸನವೇ ಕಾಣದಾಯಿತು. ರಾಜ ಗಡಿಯಲ್ಲಿ ಗೆದ್ದು ಬಂದರೆ ಕೂರಲು ಜಾಗವಿಲ್ಲ.

ಒಂದು ಮಧ್ಯಾಹ್ನ ನೋಡೋಣಪ್ಪ ಫೋನನ್ನು ಮೇಜಿನ ಮೇಲಿಟ್ಟು, ಯಾವ ಅಹವಾಲನ್ನು ಮೊದಲು ನೋಡಲಿ ಎಂದು ಯೋಚಿಸುತ್ತಾ ಕುರ್ಚಿಯಲ್ಲೇ ತೂಕಡಿಸಿದ. ಕನಸಿನಲ್ಲೂ ಆಮೆ ಉಸಿರಾಡುತ್ತಿತ್ತು. ಕಣ್ಣು ಬಿಟ್ಟಾಗ ಆಸ್ಥಾನ ಖಾಲಿ, ನೆಲ ತೊಳೆದಂತಿತ್ತು. ಉಗ್ರಾಣದ ಅಧಿಕಾರಿ ಸೆರೆಮನೆಯಲ್ಲಿದ್ದ. ಮೂಡಣ ದಿಕ್ಕಿನ ಇಬ್ಬರು ಪಾಳೆಗಾರರಿಗೆ ರಾಜಿಯಾಗಿ, ಒಬ್ಬನ ಮಗಳು ಇನ್ನೊಬ್ಬನ ಮಗನಿಗೆ ನಿಶ್ಚಯವಾಗಿದ್ದಳು. ಬೊಕ್ಕಸದಲ್ಲಿ ಹೊಳೆವ ನಾಣ್ಯ ತುಂಬಿತ್ತು. ಎದುರಿನ ಕುರ್ಚಿಯಲ್ಲಿ ಅತ್ತೆ ಏನೂ ಅರಿಯದವರಂತೆ ಬಟಾಣಿ ಬಿಡಿಸುತ್ತಿದ್ದರು. ಫೋನಿನ ಗಾಜಿನ ಮೇಲೆ ಬಟಾಣಿ ಸಿಪ್ಪೆಯ ಹಸಿರು ಬೆರಳಚ್ಚು ಇತ್ತು.

ಅತ್ತೆ ತಲೆಯೆತ್ತಿ, ಅಡುಗೆಮನೆಯ ಮೂಲೆಯಲ್ಲಿದ್ದ ಫ್ರಿಜ್ಜಿನ ಕಡೆ ತಿರುಗಿ ಹೇಳಿದರು.

"ಉಗ್ರಾಣದವನು ಕಳ್ಳ. ಮುಖ ನೋಡಿದ್ರೇ ಗೊತ್ತಾಗತ್ತೆ. ಅವನನ್ನ ಇಷ್ಟು ದಿನ ಯಾಕೆ ಇಟ್ಕೊಂಡಿದ್ರೋ."

ನೋಡೋಣಪ್ಪನೂ ಗಂಟಲು ಸರಿಪಡಿಸಿಕೊಂಡು ಫ್ರಿಜ್ಜಿಗೇ ಉತ್ತರ ಕೊಟ್ಟ. ಮೂಡಣ ಬಾಗಿಲಿಗೆ ಇನ್ನಷ್ಟು ಬಿಲ್ಲುಗಾರರು ಬೇಕೆಂದೂ, ಅದಕ್ಕೆ ಆಸ್ಥಾನದ ಒಪ್ಪಿಗೆ ಬೇಕೆಂದೂ ಅದರ ಬಳಿ ನಿವೇದಿಸಿಕೊಂಡ. ಅತ್ತೆ ಬಟಾಣಿಯಿಂದ ಕೈ ತೆಗೆದು ಒಪ್ಪಿಗೆ ಒತ್ತಿದರು. ಹೀಗೆ ಆ ರಾಜ್ಯಕ್ಕೆ ಮಂತ್ರಿ ಸಿಕ್ಕರು.

ಆಮೇಲಿನ ಮಧ್ಯಾಹ್ನಗಳ ಸೊಗಸು ಏನೆಂದು ಹೇಳುವುದು! ದೊಡ್ಡ ಮಗ ದಿನಾ ಮಾತಾಡಲೆಂದು ಕೊಡಿಸಿದ್ದ ಫೋನಿಗೂ ಅದೇ ಆಟ ಹಾಕಿಸಿಕೊಂಡು, ಅದೇ ರಾಜ್ಯಕ್ಕೆ ಮಂತ್ರಿಯಾಗಿ ಸೇರಿ, ಅತ್ತೆ ಆಸ್ಥಾನ ನಡೆಸಿದರು. ನೋಡೋಣಪ್ಪ ತನ್ನ ಫೋನಿನಲ್ಲಿ ಗಡಿ ಕಾದ. ಕಿಟಕಿಯ ಬಿಸಿಲು ನೆಲದ ಮೇಲೆ ಜರುಗುತ್ತಾ ಮೇಜಿನ ಕಾಲಿಗೆ ಬರುವವರೆಗೆ ರಾಜ್ಯಭಾರ. ನಡುನಡುವೆ ಒಬ್ಬರು ಎದ್ದು ಕಾಫಿ ಮಾಡಿ ಇನ್ನೊಬ್ಬರ ಮುಂದಿಟ್ಟು, ಯಾರಿಗೆಂದು ಹೇಳದೆ ಹೋಗುವರು. ಬೆಳದಿಂಗಳಿನ ಸುಂಕ ಇಳಿಸಿದರೆ ಬಡವರು ಹರಸುತ್ತಾರೆ ಎಂದು ಅತ್ತೆ ಫ್ರಿಜ್ಜಿಗೆ ತಿಳಿಸುವರು. ಮುಗಿಲು ಸವಾರರಿಗೆ ಚಳಿಗೆ ಕಂಬಳಿ ಬೇಕಾಗಿದೆ ಎಂದು ಅಳಿಯ ಫ್ರಿಜ್ಜಿಗೆ ಅರಿಕೆ ಮಾಡುವನು. ಎರಡು ದೇಶಗಳ ನಡುವಿನ ರಾಯಭಾರಿ ಕೂಡ ಆ ಫ್ರಿಜ್ಜಿನಷ್ಟು ತಣ್ಣಗೆ, ಗುಟ್ಟು ಬಿಡದೆ ಕೆಲಸ ಮಾಡಿರಲಾರ. ನೋಡೋಣಪ್ಪ ಡಿಪೋದಿಂದ ಮನೆಗೆ ಬರುವಾಗ ಬಸ್ಸಿಗೂ ಕಾಯದೆ ನಡೆದೇ ಬಿಡುತ್ತಿದ್ದ. ಅವನ ಕಾಲಿಗೆ ಅಷ್ಟು ಅವಸರ ಇದ್ದದ್ದನ್ನು ಯಾರೂ ಕಂಡಿರಲಿಲ್ಲ.

ಎಡವಟ್ಟಾದದ್ದು ಒಂದು ಶನಿವಾರ. ಅತ್ತೆ ಒಳಗೆ ಮಲಗಿದ್ದರು, ನೋಡೋಣಪ್ಪ ಸೋಫಾದ ಮೇಲೆ ನಿಂತು ಎಡ ದಂಡು ಹಿಂದೆ ಸರಿಯಿರೆಂದು ಫೋನಿಗೆ ಆಜ್ಞಾಪಿಸುತ್ತಿದ್ದ. ಅಂಗಡಿಗೆ ಬೇಗ ಬೀಗ ಬಿದ್ದು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಈ ವಯಸ್ಸಿನಲ್ಲಿ ಫೋನಿನಲ್ಲಿ ಕುದುರೆ ಓಡಿಸುತ್ತಿದ್ದೇನೆ ಎನ್ನಲು ಅವನ ನಾಲಿಗೆ ಏಳಲಿಲ್ಲ. ಸೋಫಾದಿಂದ ಇಳಿಯುತ್ತಲೇ ಒಂದು ಮಾತು ಬಾಯಿಗೆ ಬಂತು.

"ಆಫೀಸಿಂದು ಕಣೇ. ಆಡಳಿತ ತರಬೇತಿ. ಈಗೆಲ್ಲಾ ಫೋನಲ್ಲೇ ಕೊಡ್ತಾರೆ."

ಹೆಂಡತಿಯ ಮುಖ ಅರಳಿತು. ತರಬೇತಿ ಎಂದರೆ ಬಡ್ತಿಗೇ ಇರಬೇಕಲ್ಲವೇ ಎಂದು ಕೇಳಿದಳು. ನೋಡೋಣ, ಎಂದ ಅವನು. ಬೇರೆಯವರ ಬಾಯಲ್ಲಿ ಈ ಮಾತಿಗೆ ಏನು ಅರ್ಥವಿದೆಯೋ ಇಲ್ಲವೋ, ಹೆಂಡತಿಗೆ ಆ ಗಳಿಗೆಯಲ್ಲಿ ಅದು ಗಂಡನ ವಿನಯವಾಗಿ ಕಂಡಿತು. ಒಳಗಿನ ಕೋಣೆಯಲ್ಲಿ ಅತ್ತೆಗೆ ಎಚ್ಚರವಾಗಿತ್ತು. ಎಲ್ಲವೂ ಕೇಳಿತ್ತು. ಆದರೆ ಗುಟ್ಟು ಒಡೆದರೆ ರಾಜನ ಜತೆಗೆ ಮಂತ್ರಿಯ ಮಾನವೂ ಹೋಗುತ್ತದೆಂದು ತಿಳಿದ ಅವರು ಮಗ್ಗುಲು ಬದಲಿಸಿ ಗೊರಕೆ ಹೊಡೆದರು.

ಮೇಲಿನ ಮನೆಯಲ್ಲಿ ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರ್ ಇದ್ದರು. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಸುದ್ದಿ ಬಟವಾಡೆ ಮಾಡುವುದನ್ನು ಅವರು ಬಿಟ್ಟಿರಲಿಲ್ಲ. ಹಳೆಯ ದಿನಗಳಿಗಿಂತ ಈಗ ಬೇಗ ತಲುಪಿಸುತ್ತಿದ್ದರು, ದಾರಿಯಲ್ಲಿ ಸ್ವಲ್ಪ ತೂಕವನ್ನೂ ಸೇರಿಸುತ್ತಿದ್ದರು. ಹೆಂಡತಿ ಮೆಟ್ಟಿಲ ಮೇಲೆ ಅವರಿಗೆ ತರಬೇತಿಯ ವಿಷಯ ಹೇಳಿದಳು. ಅವರು ಕೆಳಗಿಳಿಯುವಷ್ಟರಲ್ಲಿ ಅದು ಬಡ್ತಿಯಾಯಿತು. ಬೀದಿಯ ತಿರುವು ದಾಟುವಷ್ಟರಲ್ಲಿ ಬಡ್ತಿಯೊಂದಿಗೆ ವರ್ಗಾವಣೆಯೂ ಸೇರಿಕೊಂಡಿತು. ವರ್ಗಾವಣೆ ಇಲ್ಲದ ಬಡ್ತಿಯನ್ನು ತಮ್ಮ ಸರ್ವೀಸಿನಲ್ಲಿ ಕಂಡಿಲ್ಲ ಎಂಬುದು ಅವರ ವಾದ. ಎಲ್ಲಿಗೆ ಎಂದು ಜನ ಕೇಳಿದರೆ ದೂರದ್ದೇ ಇರಬೇಕು, ಪಾಪ, ಎಂದು ಕೈ ಬೀಸಿ ದಿಗಂತ ತೋರಿಸುತ್ತಿದ್ದರು.

ಕ್ಷೌರದ ಅಂಗಡಿಯಲ್ಲಿ ಪಕ್ಕದ ಕುರ್ಚಿಗೆ ಸಿಕ್ಕ ಡಿಪೋ ಮ್ಯಾನೇಜರಿಗೂ ಪೋಸ್ಟ್ ಮಾಸ್ಟರ್ ಅಭಿನಂದನೆ ಸಲ್ಲಿಸಿದರು. ತಮ್ಮ ಕೈಕೆಳಗಿನವನಿಗೆ ಬಡ್ತಿಯಾದದ್ದು ತಮಗೇ ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ಯಾವ ಮ್ಯಾನೇಜರಿಗೆ ಮನಸ್ಸು ಬಂದೀತು? ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ, ಹೌದು ಹೌದು, ಮೇಲಿನಿಂದಲೇ ಬಂದಿದೆ, ತಾನೇ ಶಿಫಾರಸು ಮಾಡಿದ್ದು ಎಂದುಬಿಟ್ಟರು. ಮರುದಿನ ನೋಡೋಣಪ್ಪನ ಸ್ಟೂಲಿನ ಜಾಗಕ್ಕೆ ಕೈಯಿರುವ ಕುರ್ಚಿ ಬಂತು. ಮ್ಯಾನೇಜರು ಅವನನ್ನು ಬಹುವಚನದಲ್ಲಿ ಕರೆಯತೊಡಗಿದರು. ಅಲ್ಲಿ ಹೋದ ಮೇಲೆ ನಮ್ಮನ್ನು ನೆನಪಿಟ್ಟುಕೊಳ್ಳಿ, ಎಂದರು. ನೋಡೋಣ ಸಾರ್, ಎಂದ ಇವನು ಗಾಬರಿಯಿಂದ. ಈಗಲೇ ಅಧಿಕಾರಿಯ ಗತ್ತು ಬಂದಿದೆ ಎಂದು ಮ್ಯಾನೇಜರು ಮೆಚ್ಚಿ ತಲೆದೂಗಿದರು.

ಒಂದು ವಾರದಲ್ಲಿ ಬೀಳ್ಕೊಡುಗೆಯೂ ನಡೆದುಹೋಯಿತು. ಬಡ್ತಿಯ ಆದೇಶ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಎಲ್ಲರೂ ಇನ್ನೊಬ್ಬರು ನೋಡಿದ್ದಾರೆಂದು ನಂಬಿದ್ದರು. ಡ್ರೈವರುಗಳು ಭಾಷಣ ಮಾಡಿದರು, ರಿಪೇರಿಯವನು ಕಣ್ಣೊರೆಸಿಕೊಂಡ. ಕೊನೆಗೆ ಬಣ್ಣದ ಕಾಗದದಲ್ಲಿ ಸುತ್ತಿದ ಉದ್ದನೆಯ ಉಡುಗೊರೆ ಕೊಟ್ಟರು. ಬಿಚ್ಚಿ ನೋಡಿದರೆ ಮರದ ಹಿಡಿಯ ಛತ್ರಿ. ಬಹಳ ತಿಂಗಳಿಂದ ಅವನದೇ ಕೋಣೆಯ ಮೂರನೇ ಕಪಾಟಿನಲ್ಲಿ ವಾರಸುದಾರನಿಲ್ಲದೆ ಬಿದ್ದಿದ್ದ ಛತ್ರಿಯದು. ನೋಡೋಣಪ್ಪ ಎದ್ದು ನಿಂತು, ಇದೆಲ್ಲ ಸುಳ್ಳು ಎಂದು ಹೇಳಲು ಬಾಯಿ ತೆರೆದ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲಲಿ ಎಂದು ಕಾದ. ಅಷ್ಟರಲ್ಲಿ ಎಲ್ಲರೂ ತಿಂಡಿಯ ಕಡೆ ಹೊರಟಿದ್ದರು. ಕಿಟಕಿಯಾಚೆ ಸಾಲಾಗಿ ನಿಂತ ಬಸ್ಸುಗಳು ಮಂಜಿನಲ್ಲಿ ತೇಲುವ ಹಡಗುಗಳಂತೆ ಅವನ ಕಣ್ಣಿಗೆ ಕಂಡವು, ಅವುಗಳನ್ನು ನೋಡುತ್ತಾ ನಿಂತುಬಿಟ್ಟ.

ಇತ್ತ ಊರಾಚೆ ಇದ್ದ ಭಾವನಿಗೆ, ಅಂದರೆ ಅತ್ತೆಗೆ ಫೋನು ಕೊಡಿಸಿದ್ದ ಹೆಂಡತಿಯ ಅಣ್ಣನಿಗೆ, ಬೇರೊಂದು ಚಿಂತೆ ಹತ್ತಿತ್ತು. ಅವರು ಕಟ್ಟಡದ ಕಂಟ್ರಾಕ್ಟರು, ಯಾವುದನ್ನೂ ಅಳತೆಪಟ್ಟಿ ಹಿಡಿದೇ ನೋಡುವವರು. ಮಧ್ಯಾಹ್ನ ಫೋನ್ ಮಾಡಿದರೆ ಅಮ್ಮ ಕಟ್ ಮಾಡುತ್ತಿದ್ದರು. ಮತ್ತೆ ಮಾಡಿದರೆ, ಈಗ ಆಗಲ್ಲ, ಸಭೆ ಇದೆ, ಎಂದು ಇಟ್ಟುಬಿಡುತ್ತಿದ್ದರು. ಈ ವಯಸ್ಸಿನ ಅಮ್ಮನಿಗೆ ಯಾವ ಸಭೆ? ಅಮ್ಮನಿಗೆ ಅರಳುಮರಳು ಆಗುತ್ತಿದೆ, ಇಲ್ಲವೇ ಅಳಿಯ ಮಾತಾಡಲು ಬಿಡುತ್ತಿಲ್ಲ ಎಂದು ಅವರು ಲೆಕ್ಕ ಹಾಕಿದರು. ಅದರ ಮೇಲೆ ತಂಗಿ ಫೋನ್ ಮಾಡಿ ವರ್ಗಾವಣೆಯ ಸುದ್ದಿ ಹೇಳಿದಳು. ಸರಿ, ತೀರ್ಮಾನವಾಯಿತು. ಈ ವಯಸ್ಸಿನಲ್ಲಿ ಅಮ್ಮ ಊರೂರು ಅಲೆಯುವುದು ಬೇಡ, ತಾನೇ ಭಾನುವಾರ ಮಧ್ಯಾಹ್ನ ಕಾರು ತಂದು ಕರೆದೊಯ್ಯುತ್ತೇನೆ, ಅಮ್ಮನಿಗಾಗಿ ಬೇರೆ ಕೋಣೆ, ಬೇರೆ ಟಿವಿ, ಬೇರೆ ಬಚ್ಚಲು ಎಲ್ಲ ಇದೆ ಎಂದರು.

ಸುದ್ದಿ ಬಂದ ದಿನ ಅತ್ತೆ ಆಸ್ಥಾನಕ್ಕೆ ತಡವಾಗಿ ಬಂದರು. ಆ ಮಧ್ಯಾಹ್ನ ಮೋಡ ಕವಿದಿತ್ತು, ಮನೆಯೊಳಗೂ ಆಮೆಪಟ್ಟಣದಲ್ಲೂ ಒಂದೇ ಬಣ್ಣದ ಬೆಳಕಿತ್ತು. ಒಂದು ಕಾಲದಲ್ಲಿ ಅತ್ತೆ ದೊಡ್ಡ ಮಗನ ಮನೆಗೆ ಹೋದರೆ ಸಾಕೆಂದು ನೋಡೋಣಪ್ಪನೇ ಅಂದುಕೊಂಡಿದ್ದುಂಟು. ಈಗ ಅದನ್ನು ನೆನೆದರೆ ತನ್ನ ಮೇಲೇ ನಾಚಿಕೆಯಾಗುತ್ತಿತ್ತು. ಅವನು ಫ್ರಿಜ್ಜಿನ ಕಡೆ ತಿರುಗಿ, ಭಾವನ ಮನೆ ದೊಡ್ಡದಂತೆ, ಅನುಕೂಲ ಜಾಸ್ತಿಯಂತೆ, ಎಂದ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಕರೆದ ಕಡೆ ಹೋಗೋದು, ಇರು ಅಂದ ಕಡೆ ಇರೋದು. ನನ್ನ ವಯಸ್ಸಿನವರಿಗೆ ಇನ್ನೇನಿದೆ. ಇರು ಅನ್ನೋರು ಬೇಕಲ್ಲ" ಎಂದು ಅವರು ಫ್ರಿಜ್ಜಿಗೆ ಹೇಳಿದರು.

ಆ ಒಂದು ಪದ ಹೇಳಿದ್ದರೆ ಮುಗಿದಿತ್ತು. ಆದರೆ ಹೇಳಬೇಕಾದರೆ ವರ್ಗಾವಣೆ ಇಲ್ಲವೆನ್ನಬೇಕು, ಬಡ್ತಿ ಇಲ್ಲವೆನ್ನಬೇಕು, ತರಬೇತಿ ಇಲ್ಲವೆನ್ನಬೇಕು, ಪಡೆದ ಛತ್ರಿಯನ್ನು ವಾಪಸು ಕಪಾಟಿಗೆ ಇಡಬೇಕು. ನೋಡೋಣಪ್ಪ ಫ್ರಿಜ್ಜನ್ನೇ ನೋಡಿದ. ಫ್ರಿಜ್ಜು ಗುಂಯ್ ಎಂದಿತು.

ಭಾನುವಾರ ಬಂತು. ಅದೇ ಮಧ್ಯಾಹ್ನ ಉಪ್ಪಿನ ಕಣಿವೆಯವರೂ ಬಂದರು. ಇಷ್ಟು ದಿನ ಚಿಲ್ಲರೆ ಜಗಳಕ್ಕೆ ಬರುತ್ತಿದ್ದವರು ಈ ಸಲ ಇಡೀ ದೇಶವನ್ನೇ ಕಟ್ಟಿಕೊಂಡು ಮಂಜಿನ ಸಮುದ್ರದ ಮೇಲೆ ನಡೆದು ಬರುತ್ತಿದ್ದರು. ಹಜಾರದಲ್ಲಿ ಭಾವ ಸೋಫಾದ ನಡುವೆ ಕುಳಿತಿದ್ದರು, ಪಕ್ಕದಲ್ಲಿ ಅವರ ತಂಗಿ. ಬಾಗಿಲ ಬಳಿ ಅತ್ತೆಯ ಸೂಟ್‌ಕೇಸ್ ಸಿದ್ಧವಾಗಿತ್ತು. ಪೋಸ್ಟ್ ಮಾಸ್ಟರ್ ಬೀಳ್ಕೊಡಲು ಬಂದವರು ಕುರ್ಚಿ ಹಾಕಿಕೊಂಡು ಆರಾಮವಾಗಿ ಕುಳಿತಿದ್ದರು. ನೋಡೋಣಪ್ಪ ಮೂಲೆಯಲ್ಲಿ ಪೇಪರ್ ಬಿಚ್ಚಿ ಹಿಡಿದಿದ್ದ. ಪೇಪರಿನ ಹಿಂದೆ ಫೋನು, ಫೋನಿನೊಳಗೆ ಮೂಡಣ ಬಾಗಿಲಿಗೆ ಏಣಿ ಹಾಕುತ್ತಿರುವ ದೈತ್ಯರು. ಅತ್ತೆ ಒಳಕೋಣೆಯ ಮಂಚದ ಅಂಚಿನಲ್ಲಿ ಹೊರಡಲೆಂದು ಉಟ್ಟ ಸೀರೆಯಲ್ಲೇ ಕುಳಿತು, ತಮ್ಮ ಫೋನಿನಲ್ಲಿ ಕೊನೆಯ ಆಸ್ಥಾನ ನಡೆಸುತ್ತಿದ್ದರು.

ಭಾವ ಸಾವಕಾಶವಾಗಿ ವಿಷಯಕ್ಕೆ ಬಂದರು. ಹೊಸ ಊರಿನಲ್ಲಿ ಮನೆ ಎಷ್ಟು ದೊಡ್ಡದು ಸಿಗುತ್ತದೆ ಎಂದರು, ಆಸ್ಪತ್ರೆ ಹತ್ತಿರವೇ ಎಂದರು. ಪೇಪರಿನ ಹಿಂದಿನಿಂದ ಹೂಂ, ಹೂಂ ಎಂದು ಬರುತ್ತಿತ್ತು. ಎಡಕ್ಕೆ ಬಿಲ್ಲುಗಾರರು, ಹೂಂ. ಬಲಕ್ಕೆ ಮುಗಿಲು ಸವಾರರು, ಹೂಂ. ಕುದುರೆಗಳು ಬಿಳಿ ಬಾಲ ಬೀಸುತ್ತಾ ಆಕಾಶನದಿಯಿಂದ ಜಾರಿಳಿದವು. ಯುದ್ಧ ನಿಜಕ್ಕೂ ಗೆಲ್ಲುವಂತಿತ್ತು. ಅಷ್ಟರಲ್ಲಿ ಭಾವ ಧ್ವನಿ ಏರಿಸಿದರು.

"ನಾನು ಅಮ್ಮನ್ನ ಕರ್ಕೊಂಡು ಹೋಗ್ತಿದೀನಿ. ನೀವು ಈ ಮನೆ ಯಜಮಾನರು. ನೀವೇನಂತೀರಿ, ಅದನ್ನ ಹೇಳಿ."

ಹಜಾರದಲ್ಲಿ ಎಲ್ಲರೂ ಪೇಪರಿನ ಕಡೆ ತಿರುಗಿದರು. ಅದೇ ಗಳಿಗೆಗೆ ಫೋನಿನಲ್ಲಿ ಯುದ್ಧಭೂಮಿಯ ಮೇಲೆ ಚಿನ್ನದಂಚಿನ ಓಲೆಯೊಂದು ಬಿಚ್ಚಿಕೊಂಡಿತು. 'ಮಂತ್ರಿಗಳು ರಾಜೀನಾಮೆ ಸಲ್ಲಿಸಿದ್ದಾರೆ' ಎಂದಿತ್ತು ಅದರಲ್ಲಿ. ಕೆಳಗೆ ಒಪ್ಪಿಗೆ, ನಿರಾಕರಣೆ. ನೋಡೋಣಪ್ಪ ಮೂರನೇ ಗುಂಡಿಯನ್ನು ಹುಡುಕಿದ. ಓಲೆಯನ್ನು ಮೇಲೆ ಜರುಗಿಸಿದ, ಕೆಳಗೆ ಜರುಗಿಸಿದ. ಮಂತ್ರಿಯ ರಾಜೀನಾಮೆಯನ್ನು ಮುಂದೂಡಲು ಆ ರಾಜ್ಯದಲ್ಲಿ ಅವಕಾಶವೇ ಇರಲಿಲ್ಲ. ಓಲೆಯ ಹಿಂದೆ ಮೂಡಣ ಬಾಗಿಲು ಮುರಿಯುವುದು ಮಸುಕಾಗಿ ಕಾಣುತ್ತಿತ್ತು. ಬೆರಳು ಅತ್ತ ಹೋದರೆ ಕೋಟೆ ಉಳಿಯುತ್ತದೆ, ಇತ್ತ ಹೋದರೆ ಮಂತ್ರಿ ಉಳಿಯುತ್ತಾರೆ.

ಅವನು ಪೇಪರನ್ನು ಕೆಳಗಿಟ್ಟ, ನಿರಾಕರಣೆ ಒತ್ತಿದ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದು ನಿಂತ.

"ಒಪ್ಪಲ್ಲ. ಅತ್ತೆ ಎಲ್ಲಿಗೂ ಹೋಗಲ್ಲ."

ಭಾವ ಏನೋ ಹೇಳಹೊರಟರು. ಆದರೆ ಒಮ್ಮೆ ಅಣೆಕಟ್ಟು ಒಡೆದ ಮೇಲೆ ನೀರನ್ನು ತಡೆಯುವವರಾರು? ವರ್ಗಾವಣೆ ಇಲ್ಲ, ಬಡ್ತಿ ಇಲ್ಲ, ತರಬೇತಿಯೂ ಇಲ್ಲ, ಇರುವುದು ಒಂದು ಆಟ, ಒಂದು ಆಮೆ, ಮೇಯುವ ಕುದುರೆಗಳು ಎಂದು ನೋಡೋಣಪ್ಪ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅತ್ತೆ ಮಂತ್ರಿಯೆಂದೂ, ಉಗ್ರಾಣದ ಕಳ್ಳನನ್ನು ಹಿಡಿದವರು ಅವರೇ ಎಂದೂ, ಬೆಳದಿಂಗಳಿನ ಸುಂಕ ಇಳಿಸಿದ್ದರಿಂದ ಬಡವರೆಲ್ಲ ಅವರನ್ನು ಹರಸುತ್ತಿದ್ದಾರೆಂದೂ ಸೇರಿಸಿದ. ಪೋಸ್ಟ್ ಮಾಸ್ಟರರ ಮುಖ ಬಿಳಚಿಕೊಂಡಿತು. ಹಂಚಿದ ಸುದ್ದಿಯನ್ನೆಲ್ಲ ಮನೆಮನೆಗೆ ಹೋಗಿ ಹಿಂದಕ್ಕೆ ಪಡೆಯುವ ಸೇವೆ ಅಂಚೆ ಇಲಾಖೆಯಲ್ಲೂ ಇರಲಿಲ್ಲ. ಅವರು ಮೆಲ್ಲಗೆ ಎದ್ದು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೊರಟರು.

ಹೆಂಡತಿಗೆ ಸಿಟ್ಟು ಬಂದದ್ದು ಬಡ್ತಿ ಹೋದದ್ದಕ್ಕಲ್ಲ.

"ಅಂದ್ರೆ ನೀವಿಬ್ರೂ ಮಾತಾಡ್ತಿದ್ರಾ? ನಾನಿಲ್ದಾಗ? ಮತ್ತೆ ನಾನ್ಯಾಕೆ ಇಷ್ಟು ವರ್ಷ ಉಪ್ಪು ಬೇಕಂತೆ, ಉಪ್ಪು ಬೇಡ್ವಂತೆ ಅಂತ ನಡುವೆ ಕೂತು ಸಾಯ್ತಿದ್ದೆ?"

ನೇರವಾಗಿ ಮಾತಾಡಿಲ್ಲ, ಫ್ರಿಜ್ಜಿನ ಮೂಲಕ, ಎಂದು ನೋಡೋಣಪ್ಪ ಸಮಜಾಯಿಷಿ ಕೊಟ್ಟ. ಅವಳು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು, ಒಳಗೆ ನೋಡಿ, ಧಡ್ ಎಂದು ಮುಚ್ಚಿ ಬಂದಳು.

ಭಾವ ಅಳತೆ ಬಿಡುವವರಲ್ಲ. ಆಟಕ್ಕೆ ಜೊತೆ ಬೇಕು ಅಂತ ನಮ್ಮಮ್ಮನ್ನ ಇಟ್ಕೊಳ್ತೀರಾ ಎಂದು ನೇರವಾಗಿ ಕೇಳಿದರು. ಹಳೆಯ ಮಾತು ನೋಡೋಣಪ್ಪನ ನಾಲಿಗೆಯ ತುದಿಗೆ ಬಂದು, ಅಲ್ಲೇ ಕರಗಿತು.

"ಆಟಕ್ಕಲ್ಲ ಭಾವ. ಮಧ್ಯಾಹ್ನ ಮನೇಲಿ ಒಬ್ರು ಕಾಯ್ತಿರ್ತಾರೆ ಅಂತ ನಾನು ಬೇಗಬೇಗ ನಡ್ಕೊಂಡು ಬರ್ತೀನಿ. ಇವರು ಹೋದ್ರೆ ನಾನು ಯಾಕೆ ಬೇಗ ಬರ್ಲಿ? ಇರ್ಲಿ ಅವರು. ಇಲ್ಲೇ ಇರ್ಲಿ. ಅವತ್ತು ಸ್ಟೇಷನ್ನಲ್ಲಿ ತಪ್ಪು ಮಾಡ್ದೆ. ಇವತ್ತು ಸರಿಯಾದವರನ್ನೇ ಹಿಡ್ಕೊಂಡಿದೀನಿ, ಬಿಡಲ್ಲ."

ಭಾವನಿಗೆ ಇದನ್ನು ಯಾವ ಪಟ್ಟಿಯಿಂದ ಅಳೆಯಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಒಳಕೋಣೆಯ ಬಾಗಿಲಿನಲ್ಲಿ ಅತ್ತೆ ಬಂದು ನಿಂತಿದ್ದರು. ಕೈಯಲ್ಲಿ ಫೋನು, ಕಣ್ಣು ಸ್ವಲ್ಪ ಕೆಂಪು. ಅವರು ಮಗನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿ ಆಸ್ಥಾನದ ತೀರ್ಪು ಕೊಟ್ಟರು. ಮಗ ಬಂದ ದಾರಿಗೆ ಸುಂಕವಿಲ್ಲ, ಊಟ ಮಾಡಿಕೊಂಡು ಹೋಗಬೇಕು. ಫೋನು ಬೆಳಿಗ್ಗೆ ಮಾಡಬೇಕು, ಬೆಳಿಗ್ಗೆ ಮಾಡಿದರೆ ಎತ್ತುತ್ತಾರೆ. ಬೇಸಿಗೆಯಲ್ಲಿ ಅವನ ಮನೆಗೆ ಬಂದು ಕೆಲವು ದಿನ ಇದ್ದು ಹೋಗುತ್ತಾರೆ. ಮಗಳಿಗೆ ಇನ್ನುಮುಂದೆ ಉಪ್ಪಿನ ಕೆಲಸದಿಂದ ಬಿಡುಗಡೆ. ಸೂಟ್‌ಕೇಸನ್ನು ಈಗಲೇ ಎತ್ತಿಡಬೇಕು. ಭಾವ ಎದ್ದು ಅದನ್ನು ಹಿಡಿದು, ಕಾರಿಗೋ ಎಂದು ಕೊನೆಯ ಆಸೆಯಿಂದ ಕೇಳಿದರು. ಒಳಗೆ, ಎಂದರು ಅತ್ತೆ.

ಊಟವಾಗಿ ಕಾರು ಹೊರಟಾಗ ಹೆಂಡತಿ ಅಣ್ಣನನ್ನು ಬೀಳ್ಕೊಡಲು ಬೀದಿಯ ತಿರುವಿನವರೆಗೆ ಹೋದಳು. ಮನೆಯಲ್ಲಿ ಮತ್ತೆ ಮಧ್ಯಾಹ್ನದ ಮೌನ ಕವಿಯಿತು. ಪರದೆ ಉಬ್ಬಿ ಇಳಿಯಿತು. ನೋಡೋಣಪ್ಪ ಬೋರಲು ಹಾಕಿದ್ದ ಫೋನನ್ನು ಹೆದರುತ್ತಾ ಎತ್ತಿ ನೋಡಿದ. ಆಮೆಪಟ್ಟಣ ಬಿದ್ದುಹೋಗಿತ್ತು. ಬೀದಿಗಳಲ್ಲಿ ಒಡೆದ ಗಡಿಗೆಗಳಿಂದ ಬೆಳದಿಂಗಳು ಸೋರಿ ಹರಿಯುತ್ತಿತ್ತು. ಮುಗಿಲು ಕುದುರೆಗಳು ಸವಾರರಿಲ್ಲದೆ ದೂರ ಆಕಾಶದಲ್ಲಿ ಚುಕ್ಕೆಗಳಾಗಿದ್ದವು. ಆಮೆ ಒಂದೇ, ಬೆನ್ನ ಮೇಲೆ ಏನೂ ಇಲ್ಲದೆ, ಹಗುರಾಗಿ ಉಸಿರಾಡುತ್ತಾ ಮಂಜಿನಲ್ಲಿ ತೇಲುತ್ತಿತ್ತು. ಅವನು ಅದನ್ನು ನೋಡುತ್ತಾ ಕುಳಿತ. ಕಣ್ಣಲ್ಲಿ ನೀರು ಬಂತು, ಅವಮಾನದಿಂದಲ್ಲ, ಆ ಊರು ಅವನಿಗೆ ನಿಜವಾಗಿ ಇಷ್ಟವಾಗಿತ್ತು.

ಅತ್ತೆ ಬಂದು ಅವನ ಭುಜದ ಮೇಲಿಂದ ಬಗ್ಗಿ ನೋಡಿದರು. ಆಮೇಲೆ ಫ್ರಿಜ್ಜಿನ ಕಡೆಗಲ್ಲ, ಕಿಟಕಿಯ ಕಡೆಗಲ್ಲ, ಅವನ ಮುಖವನ್ನೇ ನೋಡುತ್ತಾ ಮಾತಾಡಿದರು.

"ಹೋಗ್ಲಿ ಬಿಡಿ. ನಾಳೆ ಮಧ್ಯಾಹ್ನ ಮೊದಲಿಂದ ಕಟ್ಟೋಣ. ಈ ಸಲ ಯುದ್ಧ ನನಗಿರ್ಲಿ, ನೀವು ಆಸ್ಥಾನದಲ್ಲಿ ಕೂತ್ಕೊಳ್ಳಿ."